ರಾಕೆಟ್ ನೇರವಾಗಿ ಹಾರುವುದು ಹೇಗೆ?

ದೀಪಾವಳಿಯ ರಾಕೆಟ್ಟಿನ ಉದ್ದನೆಯ ಕಡ್ಡಿಯನ್ನು ಮುರಿದುಹಾಕಿದರೆ ಅದು ನೇರವಾಗಿ ಮೇಲೇರದು. ದಿಕ್ಕುಗೆಟ್ಟು ಯಾರ ಮೇಲಾದರೂ ಎರಗೀತು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರು ರಾಕೆಟ್ಟುಗಳ ಕಬ್ಬಿಣದ ನಳಿಗೆಗೆ ಬಿದಿರಿನ ಕೋಲನ್ನು ಕಟ್ಟುತ್ತಿದ್ದುದೂ ಇದಕ್ಕಾಗಿಯೇ. ಅಂತಹ ಸಾವಿರಕ್ಕೂ ಹೆಚ್ಚು ನಳಿಗೆಗಳು 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ದೊರೆತವು. ರಾಕೆಟ್ಟಿಗೆ ಬಲವೊಂದೇ ಸಾಲದು, ಸ್ಥಿರತೆಯೂ ಬೇಕು.

1957ರಲ್ಲಿ ರಷ್ಯದ ಸ್ಪುಟ್ನಿಕ್ ಹಾರಿದಾಗ ಅಮೆರಿಕದ ಅನೇಕ ಹುಡುಗರು ಲೋಹದ ಕೊಳವೆಗಳಿಗೆ ಮದ್ದು ತುಂಬಿ ರಾಕೆಟ್ ಮಾಡಲು ಹೊರಟು ಅಪಘಾತಕ್ಕೀಡಾದರು. ಪಾದರಕ್ಷೆಯ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ಅದಕ್ಕೂ ಮೊದಲೇ, ಕಾಗದದ ಹಗುರ ದೇಹ ಹಾಗೂ ಸಿದ್ಧಪಡಿಸಿದ ಚಿಕ್ಕ ಮೋಟಾರು ಉಳ್ಳ ಮಾದರಿಯನ್ನು ರೂಪಿಸಿದ್ದರು. ಎಂಜಿನಿಯರ್ ಹ್ಯಾರಿ ಸ್ಟೈನ್ ಅದಕ್ಕೆ ಸುರಕ್ಷತಾ ನಿಯಮಗಳನ್ನು ಜೋಡಿಸಿ ಪ್ರಚಾರಕ್ಕೆ ತಂದರು. ಮದ್ದನ್ನು ಸ್ವತಃ ಬೆರೆಸಬಾರದು, ಲೋಹದ ಕೊಳವೆ ಬಳಸಬಾರದು ಎಂಬುವು ಈ ಹವ್ಯಾಸದ ಮೂಲಸೂತ್ರಗಳು. ನಮ್ಮ ದೇಶದಲ್ಲಿಯೂ 1884ರ ಸ್ಫೋಟಕಗಳ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದು ತಯಾರಿಸುವುದು ಅಪರಾಧ. ಆದ್ದರಿಂದ ಮನೆಯ ಮಕ್ಕಳಿಗೆ ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಯ ನೀರಿನ ರಾಕೆಟ್ಟೇ ಉಚಿತ. ಬಾಟಲಿಯ ಮೂರನೆಯ ಒಂದು ಭಾಗ ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿದರೆ ನೀರು ಹಿಂದಕ್ಕೆ ಚಿಮ್ಮಿ ಬಾಟಲಿ ಮುಂದಕ್ಕೆ ನೆಗೆಯುತ್ತದೆ.

ಸ್ಥಿರತೆಯ ಗುಟ್ಟು ಎರಡು ಬಿಂದುಗಳಲ್ಲಿದೆ. ಹಾರುವ ರಾಕೆಟ್ ತಿರುಗುವುದು ತನ್ನ ಗುರುತ್ವಕೇಂದ್ರದ ಸುತ್ತ. ಗಾಳಿಯ ಒತ್ತಡ ಒಟ್ಟಾಗಿ ವರ್ತಿಸುವುದು ಒತ್ತಡಕೇಂದ್ರದಲ್ಲಿ. ಒತ್ತಡಕೇಂದ್ರ ಹಿಂದಿದ್ದರೆ ವಾಲಿದ ರಾಕೆಟ್ಟನ್ನು ಗಾಳಿಯೇ ನೇರಗೊಳಿಸುತ್ತದೆ. ಮುಂದಿದ್ದರೆ ಬುಡಮೇಲು ಮಾಡುತ್ತದೆ. ಎರಡರ ನಡುವೆ ಕನಿಷ್ಠ ದೇಹದ ಒಂದು ವ್ಯಾಸದಷ್ಟು ಅಂತರವಿರಬೇಕು.

ಇದನ್ನು ಅಳೆಯಲು ಪ್ರಯೋಗಾಲಯ ಬೇಡ. ನೀರು ಬಹುಬೇಗ ಖಾಲಿಯಾಗುವುದರಿಂದ ಪರೀಕ್ಷೆಯನ್ನು ಖಾಲಿ ಬಾಟಲಿಯಲ್ಲೇ ಮಾಡಬೇಕು. ಬೆರಳ ಮೇಲೆ ಅದು ಸಮತೋಲಗೊಳ್ಳುವ ಜಾಗವೇ ಗುರುತ್ವಕೇಂದ್ರ. ರೆಕ್ಕೆಗಳೂ ಸೇರಿದಂತೆ ರಾಕೆಟ್ಟಿನ ಪಾರ್ಶ್ವದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ತೂಗಿಸಿದರೆ ಒತ್ತಡಕೇಂದ್ರದ ಅಂದಾಜು ಸಿಗುತ್ತದೆ. ಬಳಿಕ ಗುರುತ್ವಕೇಂದ್ರಕ್ಕೆ ದಾರ ಕಟ್ಟಿ ಬಯಲಿನಲ್ಲಿ ತಲೆಯ ಮೇಲೆ ಸುತ್ತಿಸಬೇಕು. ಮೂತಿ ಮುಂದಾಗಿ ಸಾಗಿದರೆ ಸರಿ. ಇಲ್ಲವಾದರೆ ಮೂತಿಗೆ ಜೇಡಿಮಣ್ಣು ಸೇರಿಸಬೇಕು, ಅಥವಾ ಹಿಂದಿನ ರೆಕ್ಕೆಗಳನ್ನು ದೊಡ್ಡದಾಗಿಸಬೇಕು.

ಈ ಲೆಕ್ಕಕ್ಕೆ 1960ರ ದಶಕದಲ್ಲಿ ಜೇಮ್ಸ್ ಬಾರೋಮನ್ ಸೂತ್ರಗಳನ್ನು ರಚಿಸಿದರು. ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬರು 2009ರಲ್ಲಿ ರೂಪಿಸಿದ ‘ಓಪನ್‌ರಾಕೆಟ್’ ಎಂಬ ಉಚಿತ ತಂತ್ರಾಂಶ ಇಂತಹ ಲೆಕ್ಕವನ್ನು ಗಣಕದಲ್ಲಿ ಮಾಡಿಕೊಡುತ್ತದೆ. ಉಪಗ್ರಹ ಒಯ್ಯುವ ಬೃಹತ್ ರಾಕೆಟ್ಟುಗಳಾದರೋ ರೆಕ್ಕೆಗಳನ್ನು ನಂಬಿಲ್ಲ. ಎಂಜಿನ್ನಿನಿಂದ ಹೊಮ್ಮುವ ಅನಿಲದ ದಿಕ್ಕನ್ನೇ ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತವೆ. ಆದರೆ ಅವುಗಳ ಎಂಜಿನಿಯರುಗಳೂ ಮೊದಲು ಗುರುತಿಸುವುದು ಈ ಎರಡು ಬಿಂದುಗಳನ್ನೇ.

ಹಾರಿಸುವಾಗ ತೆರೆದ ಮೈದಾನ, ಹಿರಿಯರ ಉಪಸ್ಥಿತಿ ಮತ್ತು ಸಾಕಷ್ಟು ದೂರ ಕಡ್ಡಾಯ. ಒತ್ತಡ ತುಂಬಿದ ಬಾಟಲಿಯ ಮೇಲೆ ಯಾರೂ ಬಾಗಿ ನೋಡಬಾರದು.