ಮಗಳು ಬಹುವಚನವಲ್ಲ

‘ಮರಗಳು’ ಪದದ ಕೊನೆಯ ‘ಗಳು’ ತೆಗೆದರೆ ‘ಮರ’ ಉಳಿಯುತ್ತದೆ, ‘ಹಕ್ಕಿಗಳು’ ಪದದಿಂದ ತೆಗೆದರೆ ‘ಹಕ್ಕಿ’. ಶಾಲೆಯ ಮಕ್ಕಳೂ ಸಲೀಸಾಗಿ ಮಾಡುವ ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರೆ ಅದು ‘ಮಗಳು’ ಪದವನ್ನು ‘ಮ’ ಮಾಡುತ್ತದೆ, ‘ತಿಂಗಳು’ ಪದವನ್ನು ‘ತಿಂ’ ಮಾಡುತ್ತದೆ. ಅದಕ್ಕೆ ಅರ್ಥ ತಿಳಿಯದು. ಹೇಳಿದ ಅಕ್ಷರಗಳು ಕೊನೆಯಲ್ಲಿವೆಯೇ ಎಂದಷ್ಟೇ ಅದು ನೋಡುತ್ತದೆ.

ಈ ಕತ್ತರಿಸುವ ಕೆಲಸದ ಅಗತ್ಯ ಬೀಳುವುದು ಹುಡುಕಾಟದಲ್ಲಿ. ‘ಊರು’ ಎಂದು ಹುಡುಕಿದವರಿಗೆ ‘ಊರಿಗೆ’, ‘ಊರಿನಲ್ಲಿ’, ‘ಊರಿಂದ’ ಎಂದಿರುವ ಪುಟಗಳೂ ಸಿಗಬೇಕು. ಇಂಗ್ಲಿಷಿಗೆ ಇಂಥ ಪ್ರೋಗ್ರಾಮನ್ನು 1968ರಲ್ಲೇ ಜೂಲಿ ಬೆತ್ ಲೋವಿನ್ಸ್ ಪ್ರಕಟಿಸಿದರು. ಅದರಲ್ಲಿ 294 ಪ್ರತ್ಯಯಗಳ ಪಟ್ಟಿಯಿತ್ತು. 1980ರಲ್ಲಿ ಕೇಂಬ್ರಿಜ್‌ನ ಮಾರ್ಟಿನ್ ಪೋರ್ಟರ್ ಪ್ರಕಟಿಸಿದ ವಿಧಾನ ಇನ್ನೂ ಸರಳವಾಗಿತ್ತು, ಜಗತ್ತಿನೆಲ್ಲೆಡೆ ಬಳಕೆಗೆ ಬಂತು. ಅವರ ಒಂದು ಎಚ್ಚರಿಕೆ ಗಮನಾರ್ಹ. ಇಂಗ್ಲಿಷಿನಲ್ಲಿ ಬರೆದಾಗ ‘ರಿಪ್ಲೇಸ್‌ಮೆಂಟ್’ ಮತ್ತು ‘ಸಿಮೆಂಟ್’ ಎರಡರ ಕೊನೆಯ ಐದು ಅಕ್ಷರಗಳೂ ಒಂದೇ. ಮೊದಲನೆಯದರಲ್ಲಿ ಅವನ್ನು ಕತ್ತರಿಸಬಹುದು. ಎರಡನೆಯದರಲ್ಲಿ ಕತ್ತರಿಸಿದರೆ ಒಂದೇ ಅಕ್ಷರ ಉಳಿಯುತ್ತದೆ. ಉಳಿಯುವ ಭಾಗ ತೀರ ಚಿಕ್ಕದಾದರೆ ಕೈಹಾಕಬೇಡ ಎಂಬ ಷರತ್ತನ್ನು ಪೋರ್ಟರ್ ಸೇರಿಸಿದ್ದರಿಂದ ಸಿಮೆಂಟ್ ಉಳಿದುಕೊಂಡಿತು.

ಇಂಥ ಪ್ರೋಗ್ರಾಮ್ ಬರೆಯಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯತೊಡಗಿದವರು ಸಾಮಾನ್ಯವಾಗಿ ಮೊದಲು ಹಿಡಿಯುವುದು ‘ರಿಪ್ಲೇಸ್’ ಆದೇಶವನ್ನು. ‘ಗಳು’ ಇರುವಲ್ಲಿ ಏನೂ ಇರದಂತೆ ಮಾಡು ಎಂದರೆ ಅದು ಪದದ ಕೊನೆಯನ್ನಷ್ಟೇ ನೋಡುವುದಿಲ್ಲ, ಕಂಡಲ್ಲೆಲ್ಲ ಅಳಿಸುತ್ತದೆ. ‘ತಿಂಗಳುಗಳು’ ಪದದಿಂದ ಒಂದು ‘ಗಳು’ ಮಾತ್ರ ಹೋಗಬೇಕಿತ್ತು. ಎರಡೂ ಹೋಗಿ ‘ತಿಂ’ ಉಳಿಯುತ್ತದೆ.

‘ಆರ್‌ಸ್ಟ್ರಿಪ್’ ಎಂಬ ಆದೇಶ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಎಷ್ಟೋ ಸಲ ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. ‘ಮರಗಳು’ ಕೊಟ್ಟರೆ ‘ಮರ’ ಬರುತ್ತದೆ. ‘ಹುಳುಗಳು’ ಕೊಟ್ಟರೆ ಬರುವುದು ‘ಹ’! ಈ ಆದೇಶ ‘ಗಳು’ ಎಂಬುದನ್ನು ಒಂದು ಪ್ರತ್ಯಯವೆಂದು ಓದುವುದೇ ಇಲ್ಲ. ಗ, ಳ, ಕೊಂಬು ಈ ಮೂರರಲ್ಲಿ ಯಾವುದೇ ಕೊನೆಯಲ್ಲಿದ್ದರೂ ಒಂದೊಂದಾಗಿ ಕೀಳುತ್ತ ಹಿಂದಕ್ಕೆ ಸರಿಯುತ್ತದೆ, ಬೇರೆ ಚಿಹ್ನೆ ಅಡ್ಡ ಬಂದಾಗಲೇ ನಿಲ್ಲುತ್ತದೆ. ಈ ಗೊಂದಲ ಪದೇ ಪದೇ ವರದಿಯಾದ್ದರಿಂದ 2020ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.9ರಲ್ಲಿ ‘ರಿಮೂವ್‌ಸಫಿಕ್ಸ್’ ಎಂಬ ಹೊಸ ಸೌಲಭ್ಯ ಸೇರಿತು. ಅದು ಕೊಟ್ಟ ಪ್ರತ್ಯಯವನ್ನು ಇಡಿಯಾಗಿ, ಕೊನೆಯಲ್ಲಿ ಮಾತ್ರ, ಒಮ್ಮೆ ಮಾತ್ರ ತೆಗೆಯುತ್ತದೆ.

ಎಣಿಸಿ ಕತ್ತರಿಸುವವರಿಗೆ ಇನ್ನೊಂದು ತೊಡಕಿದೆ. ಕಣ್ಣಿಗೆ ‘ಗಳು’ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಗ, ಳ, ಕೊಂಬು ಸೇರಿ ಅದು ಮೂರು ಸಂಕೇತ. ಕೊನೆಯ ಎರಡನ್ನು ತೆಗೆ ಎಂದರೆ ‘ಮರಗಳು’ ಹೋಗಿ ‘ಮರಗ’ ಆಗುತ್ತದೆ. ಅಂಕಿ ಬರೆಯುವ ಬದಲು ಪ್ರತ್ಯಯದ ಉದ್ದವನ್ನು ಕಂಪ್ಯೂಟರಿನಿಂದಲೇ ಅಳೆಸುವುದು ಕ್ಷೇಮ.

ತೆಗೆಯುವುದು ಅರ್ಧ ಕೆಲಸ ಮಾತ್ರ. ಹಲವು ಕಡೆ ತೆಗೆದ ಜಾಗದಲ್ಲಿ ಮತ್ತೇನನ್ನೋ ಇಡಬೇಕು. ಕನ್ನಡದ ನಿಜವಾದ ಸೊಗಸು ಇರುವುದು ಇಲ್ಲಿಯೇ. ಲೋಪ, ಆಗಮ, ಆದೇಶ ಎಂದು ಶಾಲೆಯಲ್ಲಿ ಕಲಿತ ಮೂರು ಸಂಧಿಗಳು ಸ್ಟ್ರಿಂಗಿನ, ಅಂದರೆ ಅಕ್ಷರಗಳ ಸಾಲಿನ, ಮೇಲೆ ನಡೆಯುವ ಮೂರು ಕ್ರಿಯೆಗಳೇ ಹೌದು: ಅಳಿಸುವುದು, ಸೇರಿಸುವುದು, ಬದಲಿಸುವುದು. ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದಲ್ಲಿ ಇಂಥ ನಿಯಮಗಳನ್ನು ಸೂತ್ರಗಳಾಗಿ ಕಟ್ಟಿಕೊಟ್ಟ. ನಮ್ಮ ಪ್ರೋಗ್ರಾಮ್ ಅದೇ ದಾರಿಯಲ್ಲಿ ಹಿಮ್ಮುಖವಾಗಿ ನಡೆಯಬೇಕು. ‘ಮನೆಯಲ್ಲಿ’ ಎಂಬಲ್ಲಿ ಆಗಮವಾಗಿ ಬಂದ ಯಕಾರವನ್ನೂ ಸೇರಿಸಿ ತೆಗೆದರೆ ‘ಮನೆ’ ಸಿಗುತ್ತದೆ. ‘ಊರಲ್ಲಿ’ ಎಂಬಲ್ಲಿ ಲೋಪವಾಗಿದ್ದ ಉಕಾರವನ್ನು ಮರಳಿ ಕೊಟ್ಟರಷ್ಟೇ ‘ಊರು’. ಆದರೆ ‘ಊರಲ್ಲಿ’ ಪದವು ‘ಅಲ್ಲಿ’ ಎಂದು ಕೊನೆಯಾಗುತ್ತದೆಯೇ ಎಂದು ಪೈಥಾನನ್ನು ಕೇಳಿದರೆ ಇಲ್ಲ ಎನ್ನುತ್ತದೆ! ರಕಾರದೊಳಗೆ ಅಡಗಿದ ಅಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಹಾಗಾಗಿ ‘ಲ್ಲಿ’ಯನ್ನು ಹುಡುಕಬೇಕಾಗುತ್ತದೆ, ಆಗ ಗೋಡೆಯ ಮೇಲಿನ ಹಲ್ಲಿಯೂ ಕತ್ತರಿಗೆ ಸಿಕ್ಕಿಬೀಳುತ್ತದೆ.

ಪೋರ್ಟರ್ ಅವರ ಷರತ್ತು ಕನ್ನಡಕ್ಕೆ ಸಾಕೇ? ಕನಿಷ್ಠ ಎರಡು ಅಕ್ಷರ ಉಳಿಯಬೇಕು ಎಂದರೆ ‘ಮಗಳು’, ‘ತಿಂಗಳು’ ಪಾರಾಗುತ್ತವೆ. ಆದರೆ ‘ಕೈಗಳು’, ‘ಹೂಗಳು’ ಬಹುವಚನದಲ್ಲೇ ಉಳಿದುಬಿಡುತ್ತವೆ. ‘ಮೊಮ್ಮಗಳು’ ‘ಮೊಮ್ಮ’ ಆಗುತ್ತದೆ, ‘ಬೆಳದಿಂಗಳು’ ‘ಬೆಳದಿಂ’ ಆಗುತ್ತದೆ. ಉದ್ದದ ಲೆಕ್ಕ ಕನ್ನಡದಲ್ಲಿ ಬಹುದೂರ ಬರುವುದಿಲ್ಲ.

ನಿಯಮಗಳ ಕ್ರಮವೂ ಮುಖ್ಯ. ‘ಊರಿನಲ್ಲಿ’ ಪದದಿಂದ ‘ಇನಲ್ಲಿ’ ತೆಗೆದು ಉಕಾರ ಕೊಟ್ಟರೆ ‘ಊರು’ ಸಿಗುತ್ತದೆ. ಅದೇ ನಿಯಮವನ್ನು ‘ಗುರುವಿನಲ್ಲಿ’ ಎಂಬುದಕ್ಕೆ ಹಚ್ಚಿದರೆ ‘ಗುರುವು’ ಬರುತ್ತದೆ. ಆದ್ದರಿಂದ ಉದ್ದದ ಪ್ರತ್ಯಯವಾದ ‘ವಿನಲ್ಲಿ’ಯನ್ನು ಮೊದಲು ಪರೀಕ್ಷಿಸಬೇಕು. ಹಾಗೆ ಮಾಡಿದರೆ ‘ಹಾವಿನಲ್ಲಿ’ ಎಂಬುದು ‘ಹಾ’ ಆಗುತ್ತದೆ, ಅಲ್ಲಿ ವಕಾರ ಪದದ್ದೇ. ಹೊರಗಿನ ನೆರವಿಲ್ಲದೆ ಈ ಎರಡನ್ನು ಬೇರ್ಪಡಿಸಲಾಗದು. ಅದಕ್ಕೇ ಪದಪಟ್ಟಿಯೊಂದನ್ನು ಜೊತೆಗಿಟ್ಟು, ಸಾಧ್ಯವಿರುವ ರೂಪಗಳನ್ನೆಲ್ಲ ಮಾಡಿಸಿ, ಪಟ್ಟಿಯಲ್ಲಿರುವುದನ್ನು ಮಾತ್ರ ಒಪ್ಪುವುದು ವಾಸಿ. ಇಡೀ ಪದವೇ ಮೊದಲು ಪಟ್ಟಿಯಲ್ಲಿದೆಯೇ ಎಂದು ನೋಡಿಬಿಟ್ಟರೆ ಮಗಳು, ಮೊಮ್ಮಗಳು, ಬೆಳದಿಂಗಳು, ಹಲ್ಲಿ ಯಾವುದಕ್ಕೂ ಕತ್ತರಿ ತಾಗುವುದಿಲ್ಲ.