ಹನ್ನೊಂದಕ್ಕೆ ಖಾಲಿ, ಒಂದೂವರೆಗೆ ಎಂಟ್ರಿ: ರೂಮಿನ ಟೈಮಿಂಗ್ ಫಿಕ್ಸ್ ಮಾಡೋದು ಹೇಗೆ?

ಫ್ರೆಂಡ್ಸ್, ಟೈಟಲ್ ನೋಡಿ ಇದೇನು ಲಾಡ್ಜ್ ಅಡ್ವರ್ಟೈಸ್‌ಮೆಂಟಾ ಅಂದ್ಕೋಬೇಡಿ. ನಮ್ಮ ಗ್ಯಾಂಗ್‌ನಲ್ಲಿ ನಾಲ್ಕು ಜನ. ಅದರಲ್ಲಿ ಒಬ್ಬನ ಮನೆ ತುಮಕೂರಿನಲ್ಲೇ. ಕೆಳಗೆ ಅವರು ಇರ್ತಾರೆ, ಮೇಲಿನ ಎರಡು ರೂಮನ್ನು ದಿನದ ಬಾಡಿಗೆಗೆ ಕೊಡ್ತಾರೆ. ಆ್ಯಪ್‌ನಲ್ಲಿ ಲಿಸ್ಟಿಂಗ್ ಹಾಕೋ ಕೆಲಸ ಅವನ ಅಮ್ಮ ನಮಗೇ ಒಪ್ಪಿಸಿದ್ರು. "ನೀವೆಲ್ಲ ಇಂಜಿನಿಯರಿಂಗ್ ಓದ್ತಿದೀರಲ್ಲ, ನೀವೇ ಹಾಕ್ರಪ್ಪ" ಅಂದ್ರು. ಫೋಟೋ, ರೇಟು, ವೈಫೈ ಎಲ್ಲಾ ಹಾಕಿದ್ವಿ. ಚೆಕ್-ಇನ್, ಚೆಕ್-ಔಟ್ ಟೈಮ್ ಕೇಳಿದಾಗ ಮಾತ್ರ ಒಂದು ನಿಮಿಷವೂ ಯೋಚನೆ ಮಾಡ್ಲಿಲ್ಲ. ದೊಡ್ಡ ಹೋಟೆಲ್‌ಗಳ ಥರ ಇರ್ಲಿ ಅಂತ ಚೆಕ್-ಔಟ್ 10, ಚೆಕ್-ಇನ್ 12 ಅಂತ ಒತ್ತಿಬಿಟ್ವಿ. ಆ ಎರಡು ನಂಬರ್ ಎಷ್ಟು ಜನರ ದಿನವನ್ನು ಹಾಳು ಮಾಡಬಹುದು ಅಂತ ಆಮೇಲೆ ಗೊತ್ತಾಯ್ತು.

ಮೆಟ್ಟಿಲ ಮೇಲೆ ಕೂತವರು

ಕಳೆದ ವರ್ಷ ಅಡ್ಮಿಷನ್ ಸಮಯ. ರಾಯಚೂರು ಕಡೆಯಿಂದ ಒಂದು ಕುಟುಂಬ ರೂಮ್ ಬುಕ್ ಮಾಡಿತ್ತು. ಅಪ್ಪ, ಅಮ್ಮ, ಮಗಳು. ಮಗಳಿಗೆ ಇಲ್ಲಿನ ಕಾಲೇಜೊಂದರಲ್ಲಿ ಸೀಟ್ ಸಿಕ್ಕಿತ್ತು, ರಿಪೋರ್ಟ್ ಮಾಡೋಕೆ ಅವತ್ತೇ ಕೊನೆ ದಿನ. ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಐದಕ್ಕೆ ಮುಂಚೆಯೇ ಬಂದು ಇಳಿದಿದ್ದಾರೆ. ರೂಮಿನಲ್ಲಿ ಹಿಂದಿನ ರಾತ್ರಿಯ ಗೆಸ್ಟ್ ಇನ್ನೂ ಮಲಗಿದ್ದಾರೆ. ನಮ್ಮ ಫ್ರೆಂಡ್ ಫೋನ್ ಸೈಲೆಂಟ್‌ನಲ್ಲಿದೆ. ಟ್ರಂಕು, ಹಾಸಿಗೆ ಸುತ್ತು, ಸರ್ಟಿಫಿಕೇಟ್ ಫೈಲು ಇಟ್ಕೊಂಡು ಮೂರೂ ಜನ ಮೆಟ್ಟಿಲ ಮೇಲೆ ಕೂತಿದ್ರು. ಆರೂಕಾಲಿಗೆ ಬಾಗಿಲಿಗೆ ನೀರು ಹಾಕೋಕೆ ಆಂಟಿ ಹೊರಗೆ ಬಂದಾಗಲೇ ಅವರು ಕಂಡಿದ್ದು.

"ಅಯ್ಯೋ, ಬೆಲ್ ಮಾಡೋದಲ್ವಾ?" ಅಂದ್ರೆ ಆ ಅಪ್ಪ, "ಇರಲಿ ಬಿಡ್ರೀ ಅಕ್ಕಾರ, ಮಂದಿ ಮಲಗಿರ್ತಾರ ಅಂತ ಸುಮ್ಮನ ಕುಂತಿದ್ವಿ" ಅಂದ್ರಂತೆ. ಆಂಟಿ ಅವರನ್ನ ತಮ್ಮ ಮನೆ ಒಳಗೇ ಕರ್ಕೊಂಡು, ಬಿಸಿನೀರು ಕಾಯಿಸಿ, ಕಾಫಿ ಕೊಟ್ಟು ಕಳಿಸಿದ್ರು. ಅಡ್ಮಿಷನ್ ಆಯ್ತು. ಆದ್ರೆ ಸಂಜೆ ಆಂಟಿ ನಮ್ಮನ್ನು ಕೂರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಆ ಟೈಮ್ ಯಾವ ಲೆಕ್ಕದಲ್ಲಿ ಹಾಕಿದ್ರಿ?"

ನಮ್ಮ ಹತ್ರ ಲೆಕ್ಕ ಇರ್ಲಿಲ್ಲ. ಈ ಲೇಖನ ಆಮೇಲೆ ಮಾಡಿದ ಲೆಕ್ಕ.

ತಪ್ಪು ಎಲ್ಲಿ ಆಯ್ತು?

ಮೊದಲನೇದು ತಾರೀಕಿನ ಗೊಂದಲ. ಅವರು ಬುಕ್ ಮಾಡಿದ್ದು 18ನೇ ತಾರೀಕಿಗೆ, ಬಂದದ್ದೂ 18ರ ಬೆಳಿಗ್ಗೆಯೇ. ಅವರ ಪ್ರಕಾರ ತಪ್ಪೇನಿಲ್ಲ. ಆದ್ರೆ ಆ್ಯಪ್ ಲೆಕ್ಕ ಇಡೋದು ರಾತ್ರಿಗಳನ್ನ. 18ರ ಬುಕಿಂಗ್ ಅಂದ್ರೆ 18ರ ಮಧ್ಯಾಹ್ನ ಶುರುವಾಗಿ 19ರ ಬೆಳಿಗ್ಗೆ ಮುಗಿಯುವ ರಾತ್ರಿ. 18ರ ಬೆಳಗಿನ ಜಾವ ಐದಕ್ಕೆ ರೂಮ್ ಬೇಕಿದ್ರೆ 17ನೇ ತಾರೀಕಿಗೆ ಬುಕ್ ಮಾಡ್ಬೇಕು. ನೈಟ್ ಬಸ್ಸಲ್ಲಿ ಬರುವವರಿಗೆ ಇದನ್ನ ಯಾರೂ ಹೇಳಿರಲ್ಲ. ನಾವೂ ಲಿಸ್ಟಿಂಗ್‌ನಲ್ಲಿ ಬರೆದಿರ್ಲಿಲ್ಲ.

ಎರಡನೇದು "12" ಅನ್ನೋ ನಂಬರ್. ಹನ್ನೆರಡು ಅಂದ್ರೆ ಮಧ್ಯಾಹ್ನವೋ ಮಧ್ಯರಾತ್ರಿಯೋ? "12 ಪಿಎಂ" ಅಂತ ಇಂಗ್ಲಿಷಲ್ಲಿ ಹಾಕಿದ್ರಂತೂ ಇನ್ನೂ ಕಷ್ಟ. "ರಾತ್ರಿ 12 ಆದ್ಮೇಲೆ ಯಾವಾಗ ಬೇಕಾದ್ರೂ ಬರಬಹುದು ಅಂದ್ಕೊಂಡ್ವಿ" ಅಂತ ಆ ಅಪ್ಪ ಹೇಳಿದ್ರು. ಹಾಗಾಗಿ ನಮ್ಮ ಮೊದಲ ರೂಲ್: ಹನ್ನೆರಡನ್ನ ಬಳಸಲೇಬೇಡಿ. 11.30 ಹಾಕಿ, 1 ಹಾಕಿ, ಜೊತೆಗೆ "ಬೆಳಿಗ್ಗೆ", "ಮಧ್ಯಾಹ್ನ" ಅಂತ ಕನ್ನಡದಲ್ಲೇ ಬರೀರಿ.

24 ಗಂಟೆ ಸಿಸ್ಟಮ್ ಯಾಕೆ ಬೇಡ?

ನಮಗೆ ಮೊದಲು ಹೊಳೆದ ಪರಿಹಾರ ಇದೇ. ನಮ್ಮ ಊರುಗಳ ಎಷ್ಟೋ ಲಾಡ್ಜ್‌ಗಳಲ್ಲಿ "24 ಅವರ್ಸ್ ಚೆಕ್-ಔಟ್" ಅಂತ ಬೋರ್ಡ್ ಇರುತ್ತೆ. ನೀವು ಎಷ್ಟು ಗಂಟೆಗೆ ಬಂದ್ರೂ ಮರುದಿನ ಅದೇ ಗಂಟೆವರೆಗೆ ರೂಮ್ ನಿಮ್ಮದು. ರೈಲ್ವೆಯ ರಿಟೈರಿಂಗ್ ರೂಮ್‌ಗಳಲ್ಲೂ 12 ಗಂಟೆ, 24 ಗಂಟೆ ಲೆಕ್ಕ ಇದೆ. ಕೇಳೋಕೆ ತುಂಬಾ ನ್ಯಾಯ ಅನ್ಸುತ್ತೆ.

ಆದ್ರೆ ಎರಡೇ ರೂಮ್ ಇರುವವರಿಗೆ ಇದು ಹೊಂದಲ್ಲ. ಶುಕ್ರವಾರ ರಾತ್ರಿ 10ಕ್ಕೆ ಒಬ್ಬರು ಬಂದ್ರು ಅಂದ್ಕೊಳ್ಳಿ. ಶನಿವಾರ ರಾತ್ರಿ 10ರವರೆಗೆ ರೂಮ್ ಅವರದ್ದೇ. ಶನಿವಾರ ಸಂಜೆ 4ಕ್ಕೆ ಬರುವ ಕುಟುಂಬಕ್ಕೆ ಕೊಡೋಕಾಗಲ್ಲ. ರಾತ್ರಿ 10ಕ್ಕೆ ಖಾಲಿಯಾದ ರೂಮನ್ನು ತೊಳೆಯೋಕೆ ಯಾರೂ ಇರಲ್ಲ. ಒಂದು ರಾತ್ರಿಯ ದುಡ್ಡಿಗೆ ಎರಡು ರಾತ್ರಿ ಹೋಯ್ತು. ಇಪ್ಪತ್ತು ಮೂವತ್ತು ರೂಮ್ ಇರೋ ಲಾಡ್ಜ್‌ನಲ್ಲಿ ಯಾವ ಹೊತ್ತಿಗೂ ಒಂದಲ್ಲ ಒಂದು ರೂಮ್ ಖಾಲಿ ಆಗ್ತಾ ಇರುತ್ತೆ, ರೂಮ್ ಬಾಯ್ ಶಿಫ್ಟ್‌ನಲ್ಲಿ ರಾತ್ರಿಯೂ ಇರ್ತಾನೆ. ಪ್ರಾಬಬಿಲಿಟಿ ಓದಿದ್ದೀವಲ್ಲ, ನಂಬರ್ ದೊಡ್ಡದಾದ್ರೆ ಏರುಪೇರು ಸರಿಹೋಗುತ್ತೆ. ಎರಡು ರೂಮಿಗೆ ಸರಿಹೋಗಲ್ಲ. ಹಾಗಾಗಿ ಫಿಕ್ಸೆಡ್ ಟೈಮೇ ಗತಿ.

ಎರಡು ಟೈಮ್‌ಗಳ ನಡುವೆ ಏನು ನಡೆಯುತ್ತೆ?

ಚೆಕ್-ಔಟ್ ಮತ್ತು ಚೆಕ್-ಇನ್ ಮಧ್ಯದ ಗ್ಯಾಪ್ ಅಂದ್ರೆ ಕ್ಲೀನಿಂಗ್. ನಾವು ಒಂದು ವಾರ ಮೊಬೈಲ್‌ನಲ್ಲಿ ಟೈಮರ್ ಇಟ್ಟು ನೋಡಿದ್ವಿ. ಒಂದು ರೂಮಿಗೆ ಬೆಡ್‌ಶೀಟ್, ದಿಂಬಿನ ಕವರ್ ಬದಲಾಯಿಸೋಕೆ 15 ನಿಮಿಷ. ಬಾತ್‌ರೂಮ್ 20 ನಿಮಿಷ. ಗುಡಿಸಿ ಒರೆಸೋಕೆ 15 ನಿಮಿಷ. ಒಟ್ಟು 50. ಎರಡು ರೂಮಿಗೆ 100. ಕೊನೆಗೆ ಒರೆಸಿದ ನೆಲ ಫ್ಯಾನ್ ಕೆಳಗೆ ಒಣಗೋಕೆ 15. ಒಟ್ಟು 115 ನಿಮಿಷ, ಅಂದ್ರೆ ಹೆಚ್ಚುಕಡಿಮೆ ಎರಡು ಗಂಟೆ.

ಗೀಸರ್ ಬಗ್ಗೆ ಟೆನ್ಷನ್ ಬೇಡ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ತರೋಕೆ ಬೇಕಾದ ಶಾಖ 25 × 4.2 × 30 = 3150 ಕಿಲೋಜೌಲ್. 2 ಕಿಲೋವ್ಯಾಟ್ ಗೀಸರ್‌ಗೆ ಅದು 1575 ಸೆಕೆಂಡ್, ಅಂದ್ರೆ ಸುಮಾರು 26 ನಿಮಿಷ. ನೆಲ ಒರೆಸೋ ಹೊತ್ತಿಗೆ ಸ್ವಿಚ್ ಹಾಕಿದ್ರೆ ಆಯ್ತು, ಬೇರೆ ಟೈಮ್ ಬೇಕಿಲ್ಲ. ಬೆಡ್‌ಶೀಟ್ ಒಗೆದು ಒಣಗಿಸೋದು ಮಾತ್ರ ಗ್ಯಾಪ್ ಒಳಗೆ ಆಗಲ್ಲ, ಮಳೆಗಾಲದಲ್ಲಂತೂ ಸಾಧ್ಯವೇ ಇಲ್ಲ. ಅದಕ್ಕೆ ಪ್ರತಿ ರೂಮಿಗೆ ಮೂರು ಸೆಟ್ ಇಡಬೇಕು: ಒಂದು ಮಂಚದ ಮೇಲೆ, ಒಂದು ತಂತಿ ಮೇಲೆ, ಒಂದು ಬೀರುವಿನಲ್ಲಿ.

ಇಷ್ಟೂ ಲೆಕ್ಕ ಹಾಕಿ, 10ರಿಂದ 12 ಎರಡು ಗಂಟೆ ಸರಿಯಾಗೇ ಇದೆಯಲ್ಲ ಅಂತ ನಾವು ಖುಷಿಪಟ್ವಿ. ಆದ್ರೂ 12ಕ್ಕೆ ಬಂದ ಗೆಸ್ಟ್ ದಿನಾ ಹೊರಗೆ ನಿಲ್ತಾ ಇದ್ರು. ಯಾಕೆ?

ಯಾಕಂದ್ರೆ ಕ್ಲೀನ್ ಮಾಡುವ ಅಕ್ಕ ಬರೋದು ಗುಬ್ಬಿಯಿಂದ. ಸುಮಾರು 20 ಕಿಲೋಮೀಟರ್. ಮಕ್ಕಳನ್ನು ಸ್ಕೂಲಿಗೆ ಕಳಿಸಿ ಬಸ್ ಹತ್ತಿದ್ರೆ ಇಲ್ಲಿಗೆ ತಲುಪೋದು 10.45ಕ್ಕೆ. ಅಲ್ಲಿಂದ 115 ನಿಮಿಷ ಅಂದ್ರೆ 12.40. ನಮ್ಮ ಟೈಮ್‌ಟೇಬಲ್ ಪ್ರತಿದಿನ 40 ನಿಮಿಷ ಸುಳ್ಳು ಹೇಳ್ತಿತ್ತು. ಆ ಸುಳ್ಳಿನ ಭಾರ ಬೀಳ್ತಿದ್ದದ್ದು ಅಕ್ಕನ ಮೇಲೆ. ಗೆಸ್ಟ್ ಬಾಗಿಲಲ್ಲಿ ನಿಂತಿದ್ರೆ ಅವರು ಓಡಾಡಿ ಒದ್ದೆ ನೆಲದಲ್ಲಿ ಒಂದು ಸಲ ಜಾರಿದ್ದರು ಕೂಡ. ನಮಗೆ ಹೇಳಿರಲಿಲ್ಲ ಅಷ್ಟೇ. ಟೈಮರ್ ಹಿಡ್ಕೊಂಡು ನಿಂತಿದ್ದ ನಾವು "ನೀವು ಎಷ್ಟು ಗಂಟೆಗೆ ಬರ್ತೀರಕ್ಕ?" ಅಂತ ಕೇಳಿಯೇ ಇರ್ಲಿಲ್ಲ.

ಇನ್ನೊಂದು ವಿಷಯ ನೋಡಿ. 10ಕ್ಕೆ ಗೆಸ್ಟ್‌ನ ಎಬ್ಬಿಸಿ ಕಳಿಸಿದ್ರೆ 10.45ರವರೆಗೆ ರೂಮ್ ಸುಮ್ಮನೆ ಖಾಲಿ. ಯಾರಿಗೂ ಲಾಭ ಇಲ್ಲ. ಹಾಗಾಗಿ ಚೆಕ್-ಔಟ್‌ನ 11ಕ್ಕೆ ತಂದ್ವಿ. 11ಕ್ಕೆ ಶುರುವಾದ್ರೆ 12.55ಕ್ಕೆ ಮುಗಿಯುತ್ತೆ. ಚೆಕ್-ಇನ್ 1 ಗಂಟೆ ಹಾಕಿದ್ರೆ ಉಸಿರಾಡೋಕೂ ಜಾಗ ಇಲ್ಲ, ಗೆಸ್ಟ್ ಹೊರಡೋದು ಇಪ್ಪತ್ತು ನಿಮಿಷ ಲೇಟಾದ್ರೂ ಎಲ್ಲಾ ತಪ್ಪುತ್ತೆ. ಅದಕ್ಕೆ 1.30 ಅಂತ ಇಟ್ವಿ. ಮೊದಲು ಗೆಸ್ಟ್‌ಗೆ 22 ಗಂಟೆ ಸಿಗ್ತಿತ್ತು, ಈಗ ಇಪ್ಪತ್ತೊಂದೂವರೆ. ಪೇಪರ್ ಮೇಲೆ ಅರ್ಧ ಗಂಟೆ ಕಮ್ಮಿ, ಆದ್ರೆ ಹೇಳಿದ ಟೈಮಿಗೆ ಬೀಗದ ಕೈ ಸಿಗುತ್ತೆ.

ಮೂರು ಊರು, ಮೂರು ಗಡಿಯಾರ

ಈ 11 ಮತ್ತು 1.30 ಎಲ್ಲರಿಗೂ ಸರಿಯಾ? ಇಲ್ಲ. ನಮ್ಮ ಗ್ಯಾಂಗ್‌ನಲ್ಲಿ ಗುಬ್ಬಿಯವನೂ ಇದ್ದಾನೆ, ಕುಣಿಗಲ್‌ನವನೂ ಇದ್ದಾನೆ. ಮಾತಾಡಿದಾಗ ಗೊತ್ತಾಯ್ತು, ಯಾರು ಬರ್ತಾರೆ ಅನ್ನೋದರ ಮೇಲೆ ಗಡಿಯಾರ ಬದಲಾಗುತ್ತೆ.

ತುಮಕೂರಿಗೆ ಬರುವವರು ಹೆಚ್ಚಾಗಿ ಅಡ್ಮಿಷನ್, ಪರೀಕ್ಷೆ, ಘಟಿಕೋತ್ಸವ, ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆ ಅಂತ ಬರ್ತಾರೆ. ದೂರದವರು ರಾತ್ರಿ ಪ್ರಯಾಣ ಮಾಡಿ ಬೆಳಗಿನ ಜಾವ ಇಳೀತಾರೆ. ಇಲ್ಲಿ ಮುಖ್ಯ ಪ್ರಶ್ನೆ ಬೇಗ ಬಂದವರನ್ನ ಏನು ಮಾಡೋದು ಅನ್ನೋದು. ನೀಟ್ ಪರೀಕ್ಷೆ ಇನ್ನೊಂದು ಥರ. ಶುರುವಾಗೋದು ಮಧ್ಯಾಹ್ನ 2ಕ್ಕೆ, ಗೇಟ್ ಮುಚ್ಚೋದು 1.30ಕ್ಕೆ. ಪಾವಗಡದಿಂದ ಹಿಂದಿನ ದಿನವೇ ಬಂದ ಹುಡುಗಿಯನ್ನ 11ಕ್ಕೆ ಹೊರಗೆ ಕಳಿಸಿದ್ರೆ ಅವಳ ಅಪ್ಪ ಸಂಜೆವರೆಗೆ ಬ್ಯಾಗ್ ಹೊತ್ಕೊಂಡು ಬಿಸಿಲಲ್ಲಿ ನಿಲ್ಲಬೇಕು.

ಗುಬ್ಬಿಯಲ್ಲಿ ಮದುವೆ ಗೆಸ್ಟ್‌ಗಳು ಜಾಸ್ತಿ. ಹಿಂದಿನ ದಿನ ಸಂಜೆ ರಿಸೆಪ್ಷನ್, ಮರುದಿನ ಬೆಳಿಗ್ಗೆ ಮುಹೂರ್ತ, ಆಮೇಲೆ ಊಟ. 11 ಗಂಟೆಗೆ ಅವರು ಅಕ್ಷತೆ ಹಾಕೋಕೆ ಲೈನಲ್ಲಿ ನಿಂತಿರ್ತಾರೆ, ಬ್ಯಾಗ್ ರೂಮಿನಲ್ಲಿರುತ್ತೆ. ಅವರಿಗೆ ಬೇಕಾದ್ದು ಲೇಟ್ ಚೆಕ್-ಔಟ್. ಮದುವೆ ದಿನಗಳಲ್ಲಿ ಚೆಕ್-ಔಟ್ ಮಧ್ಯಾಹ್ನ 3, ಮುಂದಿನ ಚೆಕ್-ಇನ್ ಸಂಜೆ 6 ಅಂತ ಇಟ್ರೆ ಇಬ್ಬರಿಗೂ ಅನುಕೂಲ, ಯಾಕಂದ್ರೆ ಮುಂದಿನ ಮದುವೆಯವರೂ ಸಂಜೆಯೇ ಬರೋದು. ಗುಬ್ಬಿ ತಾಲ್ಲೂಕಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆದ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಇದೆ. ಅಂಥ ಕಡೆ ಕೆಲಸಕ್ಕೆ ಅಂತ ಬರುವವರಾದ್ರೆ ಬೆಳಿಗ್ಗೆ ಬೇಗ ಹೊರಡ್ತಾರೆ, ಅವರಿಗೆ 11ರ ಚಿಂತೆಯೇ ಇಲ್ಲ.

ಕುಣಿಗಲ್ ಕಥೆ ಬೇರೆ. ರಾಷ್ಟ್ರೀಯ ಹೆದ್ದಾರಿ 75ರ ಮೇಲಿನ ಊರು. ಬೆಂಗಳೂರಿಂದ ಆಫೀಸ್ ಮುಗಿಸಿ ಹೊರಟು, ರಾತ್ರಿ ಇಲ್ಲಿ ತಂಗಿ, ಬೆಳಿಗ್ಗೆ ಎಡೆಯೂರು ಸಿದ್ಧಲಿಂಗೇಶ್ವರನ ದರ್ಶನಕ್ಕೋ ಹಾಸನದ ಕಡೆಗೋ ಹೋಗುವವರು ಸಿಗ್ತಾರೆ. ಇವರು ಬೆಳಿಗ್ಗೆ ಆರಕ್ಕೇ ಬ್ಯಾಗ್ ಕಾರಿಗೆ ಹಾಕಿ ಹೊರಟುಬಿಡ್ತಾರೆ. ಇಲ್ಲಿ ಮುಖ್ಯ ಆಗೋದು ಕೊನೆಯ ಚೆಕ್-ಇನ್: ರಾತ್ರಿ ಎಷ್ಟರವರೆಗೆ ಕಾಯ್ತೀರಿ? ಏರ್‌ಬಿಎನ್‌ಬಿ ಥರದ ಆ್ಯಪ್‌ನಲ್ಲಿ ಎಷ್ಟರಿಂದ ಎಷ್ಟರವರೆಗೆ ಬರಬಹುದು ಅಂತ ಹಾಕೋ ಜಾಗ ಇರುತ್ತೆ. ಖಾಲಿ ಬಿಟ್ರೆ ರಾತ್ರಿ ಒಂದಕ್ಕೆ ಬಾಗಿಲು ಬಡೀತಾರೆ. ಐಡಿ ನೋಡ್ಬೇಕು, ರಿಜಿಸ್ಟರ್‌ನಲ್ಲಿ ಸಹಿ ಹಾಕಿಸ್ಬೇಕು. ವಯಸ್ಸಾದವರು ನಿದ್ದೆಗಣ್ಣಲ್ಲಿ ಎದ್ದು ಇದೆಲ್ಲ ಮಾಡ್ಬೇಕಾ? ರಾತ್ರಿ 10 ಅಂತ ಹಾಕಿ, ಲೇಟಾದ್ರೆ ಫೋನ್ ಮಾಡಿ ಅಂತ ಸೇರಿಸಿ.

ಬೇಗ ಬಂದವರಿಗೆ ಏನು?

ಫಿಕ್ಸೆಡ್ ಟೈಮ್ ಅಂದ್ರೆ ಕಲ್ಲಿನ ಮನಸ್ಸು ಅಂತ ಅಲ್ಲ. ನಾವು ಈಗ ಮಾಡೋದು ಇಷ್ಟು. ಬುಕಿಂಗ್ ಬಂದ ತಕ್ಷಣ "ಯಾವ ಬಸ್ಸು, ಎಷ್ಟು ಗಂಟೆಗೆ ಇಳೀತೀರಿ?" ಅಂತ ಕನ್ನಡದಲ್ಲೇ ಮೆಸೇಜ್ ಹಾಕ್ತೀವಿ. ಹಿಂದಿನ ರಾತ್ರಿ ರೂಮ್ ಖಾಲಿ ಇದ್ರೆ ಅರ್ಧ ದಿನದ ಬಾಡಿಗೆಗೆ ಬೆಳಗಿನ ಜಾವವೇ ಕೊಡ್ತೀವಿ. ಖಾಲಿ ಇಲ್ಲದಿದ್ರೆ ಮುಂಚೆಯೇ ಹೇಳ್ತೀವಿ: ರೂಮ್ 1.30ಕ್ಕೇ ಸಿಗೋದು, ಆದ್ರೆ ಬೆಳಿಗ್ಗೆ 5ರಿಂದ ಕೆಳಗಿನ ಬಾತ್‌ರೂಮ್ ಇದೆ, ಬಿಸಿನೀರು ಇದೆ, ಬ್ಯಾಗ್ ಇಡೋಕೆ ಜಾಗ ಇದೆ. ಇದಕ್ಕೆ ದುಡ್ಡಿಲ್ಲ. ಹೊರಡುವವರಿಗೂ ಹಾಗೇ, 11ಕ್ಕೆ ರೂಮ್ ಬಿಟ್ಟು ಬ್ಯಾಗ್ ಸಂಜೆವರೆಗೆ ಇಟ್ಟಿರಬಹುದು. ಮೆಟ್ಟಿಲ ಕೆಳಗಿನ ಸ್ಟೋರ್ ಖಾಲಿ ಮಾಡಿ ಒಂದು ಬೀಗ ಹಾಕಿದ್ದೇ ಇದರ ಒಟ್ಟು ಖರ್ಚು.

ಫ್ರೆಂಡ್ ಈಗ ಫೋನ್ ಸೈಲೆಂಟ್‌ನಲ್ಲಿ ಇಡಲ್ಲ. ಅಕ್ಕ 1.30ರ ಒಳಗೆ ಕೆಲಸ ಮುಗಿಸಿ, ಊಟ ಮಾಡಿ, ಮಕ್ಕಳು ಸ್ಕೂಲಿಂದ ಬರೋ ಮುಂಚೆ ಗುಬ್ಬಿ ಸೇರ್ತಾರೆ.

ನಿಮ್ಮಲ್ಲಿ ರೂಮ್ ಬಾಡಿಗೆಗೆ ಕೊಡುವವರು ಕಮ್ಮಿ ಇರಬಹುದು. ಆದ್ರೆ ನಿಮ್ಮ ಅಪ್ಪ ಅಮ್ಮ ನಿಮ್ಮನ್ನ ನೋಡೋಕೆ ಬರ್ತಾರಲ್ಲ, ಆಗ ರೂಮ್ ಬುಕ್ ಮಾಡೋದು ನೀವೇ. ಬಟನ್ ಒತ್ತೋ ಮುಂಚೆ ಮೂರು ಪ್ರಶ್ನೆ ಕೇಳಿ: ಅವರು ಇಳಿಯೋದು ಯಾವ ತಾರೀಕಿನ ಎಷ್ಟು ಗಂಟೆಗೆ, ಆ ಹೊತ್ತಿಗೆ ಬಾಗಿಲು ತೆಗೆಯೋರು ಯಾರು, ಹೊರಡೋ ದಿನ ಬ್ಯಾಗ್ ಎಲ್ಲಿ ಇಡೋದು? ಉತ್ತರ ಗೊತ್ತಿಲ್ಲ ಅಂದ್ರೆ ಓನರ್‌ಗೆ ಒಂದು ಫೋನ್ ಮಾಡಿ.

ಅಂದಹಾಗೆ, ಆ ರಾಯಚೂರಿನ ಹುಡುಗಿ ಈಗ ಇದೇ ಊರಿನಲ್ಲಿ ಓದ್ತಾ ಇದ್ದಾಳೆ. ಮೊನ್ನೆ ಅವಳ ಅಪ್ಪ ಅಮ್ಮ ಮತ್ತೆ ಬಂದಿದ್ರು, ಅದೇ ರೂಮಿಗೆ. ಈ ಸಲ 17ಕ್ಕೋ 18ಕ್ಕೋ ಅನ್ನೋ ಗೊಂದಲ ಇರ್ಲಿಲ್ಲ. ಬೆಳಿಗ್ಗೆ ಐದಕ್ಕೆ ಗೇಟಿನ ಲೈಟ್ ಹಾಕಿದ್ದು ನಾವೇ.