ನಿಮಗಿದು ಗೊತ್ತೇ? ಅಜ್ಜಿಯರ ಜೊತೆ 100 ಗಿಳಿಗಳು!

ವೃದ್ಧಾಶ್ರಮ ಅಂದರೆ ಟಿವಿ, ಮಾತ್ರೆ, ನಿದ್ದೆ, ಇಷ್ಟೇ ಅಂದುಕೊಂಡಿದ್ದೀರಾ? ಹಾಗಾದರೆ ಇವನ್ನೆಲ್ಲ ಓದಲೇಬೇಕು!

1991ರಲ್ಲಿ ನ್ಯೂಯಾರ್ಕ್ ರಾಜ್ಯದ ಚೇಸ್ ಮೆಮೋರಿಯಲ್ ಎಂಬ ಆಶ್ರಮಕ್ಕೆ ಬಿಲ್ ಥಾಮಸ್ ಎಂಬ ವೈದ್ಯರು 2 ನಾಯಿ, 4 ಬೆಕ್ಕು, 100 ಪುಟ್ಟ ಗಿಳಿಗಳನ್ನು ತರಿಸಿದರು. ಗಿಳಿಗಳೇನೋ ಬಂದವು, ಪಂಜರಗಳು ಬಂದಿರಲಿಲ್ಲ! ಅಷ್ಟನ್ನೂ ಅಲ್ಲಿನ ಬ್ಯೂಟಿ ಪಾರ್ಲರ್ ಕೋಣೆಯೊಳಗೆ ಹಾರಲು ಬಿಡಬೇಕಾಯಿತು!

ಆಮೇಲೇನಾಯಿತು ಗೊತ್ತೇ? ಮಾತೇ ನಿಲ್ಲಿಸಿದ್ದವರು ಮಾತಾಡತೊಡಗಿದರು. ಎದ್ದು ಓಡಾಡದವರು ನಾಯಿಯನ್ನು ಸುತ್ತಾಡಿಸಲು ತಾವೇ ಮುಂದೆ ಬಂದರು. ಹೋಲಿಕೆಗೆಂದು ಆರಿಸಿದ್ದ ಇನ್ನೊಂದು ಆಶ್ರಮದಲ್ಲಿ ಒಬ್ಬೊಬ್ಬರಿಗೆ ಬೇಕಾದ ಔಷಧಿಯ ಅರ್ಧದಷ್ಟೇ ಇಲ್ಲಿ ಸಾಕಾಯಿತು!

ಒಂದು ಹೂಕುಂಡ ಆಯುಸ್ಸು ಹೆಚ್ಚಿಸೀತೇ? 1970ರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಆಶ್ರಮವೊಂದರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಸಂಶೋಧಕಿಯರು ಒಂದು ಪ್ರಯೋಗ ಮಾಡಿದರು. ಒಂದು ಮಹಡಿಯವರು ತಮ್ಮ ಗಿಡಕ್ಕೆ ತಾವೇ ನೀರೆರೆಯಬೇಕು, ಸಿನಿಮಾ ಯಾವ ದಿನ ಎಂದು ತಾವೇ ಆರಿಸಬೇಕು. ಇನ್ನೊಂದು ಮಹಡಿಯಲ್ಲಿ ಗಿಡದ ಆರೈಕೆ ನರ್ಸ್‌ಗಳದು. 18 ತಿಂಗಳ ನಂತರ ನೋಡಿದರೆ, ಎರಡನೆಯ ಗುಂಪಿನಲ್ಲಿ ಶೇ. 30ರಷ್ಟು ಮಂದಿ ತೀರಿಕೊಂಡಿದ್ದರು. ನೀರೆರೆದವರಲ್ಲಿ ಶೇ. 15 ಮಾತ್ರ!

ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ ಶುರುವಾದ ಯೋಜನೆಯೊಂದರಲ್ಲಿ ವೃದ್ಧರಿಗೆ ಸಿಕ್ಕಿದ್ದು ಕೋಳಿಗಳು! ಕಾಳು ಹಾಕುವುದು, ಗೂಡು ನೋಡಿಕೊಳ್ಳುವುದು, ಮೊಟ್ಟೆ ಎತ್ತಿಡುವುದು ಎಲ್ಲ ಅವರದೇ ಕೆಲಸ. ಬೇಸರಕ್ಕೆ ಪುರುಸೊತ್ತೆಲ್ಲಿ?

ನೆದರ್ಲೆಂಡ್ಸ್‌ನ ಡೆವೆಂಟರ್ ಊರಿನ ಹ್ಯುಮಾನಿಟಾಸ್ ಆಶ್ರಮದಲ್ಲಿ ಕಾಲೇಜು ಹುಡುಗರೂ ಇರುತ್ತಾರೆ, ಬಾಡಿಗೆ ಸೊನ್ನೆ! ಬದಲಿಗೆ ತಿಂಗಳಿಗೆ 30 ಗಂಟೆ ಹಿರಿಯರಿಗೆ ಒಳ್ಳೆಯ ನೆರೆಯವರಾಗಿರಬೇಕು. ಹರಟೆಯೇ ಬಾಡಿಗೆ!

ಅಮೆರಿಕದ ಸಿಯಾಟಲ್‌ನಲ್ಲಂತೂ ವೃದ್ಧಾಶ್ರಮದೊಳಗೇ ಶಿಶುವಿಹಾರವಿದೆ. 90 ದಾಟಿದವರೂ ಇನ್ನೂ ಶಾಲೆ ಕಾಣದ ಪುಟಾಣಿಗಳೂ ಒಂದೇ ಕೋಣೆಯಲ್ಲಿ ಕೂತು ಬಣ್ಣ ಹಚ್ಚುತ್ತಾರೆ, ಹಾಡುತ್ತಾರೆ!

1982ರಲ್ಲಿ ಅಮೆರಿಕದ ನಾರ್ಥಾಂಪ್ಟನ್‌ನಲ್ಲಿ, ಹಿರಿಯರ ವಸತಿಗೃಹವೊಂದರಲ್ಲಿ ಒಂದು ಗಾಯನ ತಂಡ ಹುಟ್ಟಿತು. ಹೆಸರು ಯಂಗ್ ಅಟ್ ಹಾರ್ಟ್. ಹಾಡುವುದು ಭಜನೆ ಅಂದುಕೊಂಡಿರಾ? ಅಲ್ಲ, ರಾಕ್ ಸಂಗೀತ! ಯುರೋಪಿಗೂ ಹೋಗಿ ಹಾಡಿ ಬಂದಿದ್ದಾರೆ.

ಇಟಲಿಯ ಮಿಲಾನ್‌ನಲ್ಲಿ ಮುಪ್ಪಾದ ಸಂಗೀತಗಾರರಿಗೆಂದೇ ಒಂದು ಮನೆಯಿದೆ. ಕಟ್ಟಿಸಿದ್ದು ಮಹಾನ್ ಸಂಯೋಜಕ ವೆರ್ಡಿ. ಕಟ್ಟಡ 1899ರಲ್ಲೇ ಸಿದ್ಧ, ಬಾಗಿಲು ತೆರೆದದ್ದು 1902ರಲ್ಲಿ. ಯಾಕೆ? ಯಾರೂ ತನಗೆ ಧನ್ಯವಾದ ಹೇಳಬಾರದು, ತಾನು ಸತ್ತ ಮೇಲೆಯೇ ತೆರೆಯಲಿ ಎಂಬುದು ಅವರ ಹಟ! ಇವತ್ತಿಗೂ ಅಲ್ಲಿ ಪಿಯಾನೋ ಸದ್ದು ನಿಂತಿಲ್ಲ.

ವೃದ್ಧಾಶ್ರಮಗಳಲ್ಲಿ ಹಿರಿಯರಿಗೆ ಜೊತೆ ಕೊಡುವ ಜಪಾನಿನ ಪಾರೋ ಎಂಬ ರೋಬೋ ಮರಿ ಸೀಲ್ ಪ್ರಾಣಿಯಂತಿದೆ. ಮುಟ್ಟಿದರೆ ಕಣ್ಣು ಮಿಟುಕಿಸುತ್ತದೆ, ದನಿ ಮಾಡುತ್ತದೆ. ಸೀಲೇ ಯಾಕೆ? ಬೆಕ್ಕೋ ನಾಯಿಯೋ ಆಗಿದ್ದರೆ ಜನ ನಿಜವಾದದ್ದಕ್ಕೆ ಹೋಲಿಸಿ ತಪ್ಪು ಹುಡುಕುತ್ತಿದ್ದರು. ಸೀಲ್ ಮರಿಯನ್ನು ಸಾಕಿದವರು ಯಾರಿದ್ದಾರೆ ಹೇಳಿ!

2012ರಲ್ಲಿ ಕೋಪನ್‌ಹೇಗನ್‌ನಲ್ಲಿ ಓಲೆ ಕಾಸೊ ಎಂಬುವರು ಆಶ್ರಮದ ಹಿರಿಯರನ್ನು ಮೂರುಗಾಲಿ ಸೈಕಲ್‌ನ ಮುಂದೆ ಕೂರಿಸಿಕೊಂಡು ಊರು ಸುತ್ತಿಸತೊಡಗಿದರು. ಈಗ ಹತ್ತಾರು ದೇಶಗಳಲ್ಲಿ ಈ ಸವಾರಿ ನಡೆಯುತ್ತಿದೆ! ಪೆಡಲ್ ತುಳಿಯುವವರೆಲ್ಲ ಸ್ವಯಂಸೇವಕರು.

ಮರೆವಿನ ಕಾಯಿಲೆಯಲ್ಲಿ ಮಗನ ಹೆಸರು ಮರೆತವರೂ ಹರೆಯದಲ್ಲಿ ಕೇಳಿದ ಹಾಡನ್ನು ಪಲ್ಲವಿ, ಚರಣ ಸಮೇತ ಹಾಡಿಬಿಡುವುದುಂಟು! ಅದಕ್ಕೇ ಎಷ್ಟೋ ಆಶ್ರಮಗಳಲ್ಲಿ ಹಳೆಯ ಹಾಡುಗಳಿಗೆ ಅಷ್ಟು ಬೆಲೆ.

ಹಿರಿಯರ ಬೇಸರ ಕಳೆಯಲು ದೂರದ ದೇಶವೇ ಬೇಕಿಲ್ಲ, ನಮ್ಮ ಕವಡೆಯಾಟ ಚೌಕಾಬಾರವನ್ನೇ ನೋಡಿ! ನಾಲ್ಕು ಕವಡೆಯೂ ಅಂಗಾತ ಬಿದ್ದರೆ 4, ನಾಲ್ಕೂ ಮಗುಚಿದರೆ 8! ಬೆರಳಿಗೆ ಕೆಲಸ, ಲೆಕ್ಕಕ್ಕೆ ಕೆಲಸ, ಜಗಳಕ್ಕೂ ಅವಕಾಶ. ಮುಂದಿನ ಸಲ ಹಿರಿಯರನ್ನು ನೋಡಲು ಹೋಗುವಾಗ ಹಣ್ಣಿನ ಜೊತೆ ನಾಲ್ಕು ಕವಡೆಯನ್ನೂ ಒಯ್ಯಿರಿ. ಆಡಲು ಕೂತರೆ ಗೆಲ್ಲುವುದು ಮಾತ್ರ ಅವರೇ!